ಎರಡು ಮಹಡಿಯ ಮಗಳು

ಗಾಜಿನವನು ಹಾಕಿದ ಗಾಜು ಎಷ್ಟು ಸ್ವಚ್ಛವೆಂದರೆ, ಅದರ ಮೂಲಕ ನೋಡಿದವರಿಗೆ ನಾಳೆ ಬರಬೇಕಾದ ನೆಂಟರು ಇವತ್ತೇ ಬರುತ್ತಿರುವುದು ಕಾಣಿಸುತ್ತಿತ್ತು. ಬ್ಯಾಂಕಿನ ಬಾಗಿಲಿಗೆ ಅವನು ಕೂರಿಸಿದ ಗಾಜಿಗೆ ಒಂದೇ ಬೆಳಿಗ್ಗೆ ಹದಿನೇಳು ಜನ ಹಣೆ ಚಚ್ಚಿಕೊಂಡರು. ಹದಿನೇಳು ಜನವೂ ಬುಗುಟು ಉಜ್ಜಿಕೊಳ್ಳುತ್ತಲೇ "ಭಲೇ" ಎಂದು ಹೊಗಳಿ ಹೋದರು. ಇದನ್ನು ಹೇಳುತ್ತಿದ್ದವನು ಗಾಜಿನವನೇ. ನಂಬದವರು ಸಿಕ್ಕರೆ ಹದಿನೆಂಟನೆಯವನ ಕಥೆ ಶುರುಮಾಡುತ್ತಿದ್ದ.

ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಅಲ್ಲಿ ಅವನು, ಅವನ ವಿಧವೆ ಅಕ್ಕ, ತಾಯಿಯಿಲ್ಲದೆ ಬೆಳೆದ ಒಬ್ಬಳೇ ಮಗಳು. ಮಗಳು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ಅವಳು ನಗುತ್ತಿದ್ದ ದಿನ ಆ ಮನೆಗೆ ದೀಪವೇ ಬೇಕಿರಲಿಲ್ಲ, ಕರೆಂಟಿನ ಮೀಟರು ಹಿಂದಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಬೇಕರಿಯ ಯಜಮಾನನ ನಡಿಗೆಯನ್ನು ಅವಳು ನಟಿಸಿ ತೋರಿಸಿದರೆ, ಮುಖ ಗಂಟಿಕ್ಕಿಕೊಂಡೇ ಹುಟ್ಟಿದ್ದ ಅಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನಗದ ದಿನಗಳ ಬಗ್ಗೆ ಗಾಜಿನವನು ಯಾರ ಹತ್ತಿರವೂ ಬಾಯಿಬಿಡುತ್ತಿರಲಿಲ್ಲ.

ಸೋಮವಾರ ಬೇಕರಿಯ ಯಜಮಾನ ಅವಳ ಪಾಲಿಗೆ ದೇವರಾಗಿದ್ದ. ಬುಧವಾರ ಅವನು ಏನೋ ಯೋಚನೆಯಲ್ಲಿ ಅವಳ ನಮಸ್ಕಾರಕ್ಕೆ ತಲೆಯಾಡಿಸದೆ ಹೋದ. ಅಷ್ಟೇ. "ನನ್ನ ಓಡಿಸೋಕೆ ನೋಡ್ತಿದ್ದಾನೆ" ಎಂದು ಯಾರದೋ ಮದುವೆಯ ಕೇಕನ್ನು ಎತ್ತಿ ಅವನ ಕಾಲ ಬಳಿ ಕುಕ್ಕಿದಳು. ಕೆಲಸ ಹೋಯಿತು. ಅಪ್ಪ ಹೇಳಿದ ಹೊತ್ತಿಗೆ ಮನೆಗೆ ಬರದಿದ್ದರೆ ಕಿಟಕಿ ಒಡೆಯುತ್ತಿತ್ತು, ಆಮೇಲೆ ಅವಳ ಮೊಣಕೈಯ ಕೆಳಗೆ ರಕ್ತ.

"ನಾನು ನಿಂಗೆ ಬೇಡ ಅಲ್ವಾ ಅಪ್ಪ? ಬೇಡ ಅಂತ ಹೇಳ್ಬಿಡು, ಮುಗೀಲಿ!" ಎಂದು ಕಿರುಚಿದವಳೇ ಗಳಿಗೆ ಕಳೆಯುವುದರೊಳಗೆ ಅವನ ತೋಳು ಹಿಡಿದುಕೊಂಡು, "ಬಿಟ್ಟು ಹೋಗ್ಬೇಡ" ಎನ್ನುತ್ತಿದ್ದಳು. ಎದೆಯೊಳಗಿನ ಈ ಉರಿಗೆ ಅವಳು ಕಂಡುಕೊಂಡ ನೀರು ಬಾಟಲಿಯಲ್ಲಿತ್ತು. ಸಂಜೆ ಆರಿಸಿದ್ದನ್ನು ಬೆಳಿಗ್ಗೆ ಅದೇ ಇಮ್ಮಡಿಯಾಗಿ ಹೊತ್ತಿಸುತ್ತಿತ್ತು.

ಗಾಜಿನವನು ಏನು ಮಾಡಿದ? ಎದುರುಮನೆಯ ಪರದೆ ಸರಿಯುವ ಮೊದಲೇ ಹೊಸ ಗಾಜು ಹಾಕಿದ. ಪ್ರತಿ ಸಲವೂ ಹಾಕಿದ. ಆ ಒಂದು ಕಿಟಕಿ ನುಂಗಿದ ಗಾಜಿನಲ್ಲಿ ಮೂರು ಅರಮನೆ ಕಟ್ಟಿ, ಉಳಿದದ್ದರಲ್ಲಿ ರಾಜನಿಗೆ ಕನ್ನಡಕ ಮಾಡಿಸಬಹುದಿತ್ತು.

"ಕಾಯಿಲೆಯಂತೆ ಕಾಯಿಲೆ!" ಅಕ್ಕ ಚೂರುಗಳನ್ನು ಗುಡಿಸುತ್ತ ಹೇಳಿದಳು. "ಸೊಕ್ಕು ಕಣೋ ಇದು. ನಮ್ಮ ಕಾಲದಲ್ಲಿತ್ತಾ ಇಂಥದ್ದು?"

"ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಕ್ಕ."

"ಹೋಗಿ ಊರಿಗೆಲ್ಲ ಡಂಗುರ ಸಾರ್ಕೊಂಡು ಬಾ. ಕುಡುಕಿ ಅಂತ ಒಂದು, ಹುಚ್ಚಿ ಅಂತ ಒಂದು. ನಾಳೆ ಅವಳನ್ನ ಮೂಸಿ ನೋಡೋರೂ ಇರಲ್ಲ."

ಆದರೂ ಹೋದ. ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಕುಡಿತ ಬಿಡಿಸುವ ವಿಭಾಗ, ಮೇಲಿನ ಮಹಡಿಯಲ್ಲಿ ಮನೋರೋಗ ವಿಭಾಗ. ಕೆಳಗಿನ ಡಾಕ್ಟರು ಅವಳ ತೋಳು ನೋಡಿ ಪೆನ್ನು ಕೆಳಗಿಟ್ಟರು. "ಕೈ ಕುಯ್ದುಕೊಳ್ಳೋರನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ಮೊದ್ಲು ಮನಸ್ಸು ಹತೋಟಿಗೆ ಬರ್ಲಿ. ಮೇಲೆ ಹೋಗಿ." ಮೇಲಿನ ಡಾಕ್ಟರು ಒಳ್ಳೆಯವರೇ, ಎಲ್ಲ ಕೇಳಿದರು. "ಇದು ಸೊಕ್ಕಲ್ಲ, ವ್ಯಕ್ತಿತ್ವದ ಕಾಯಿಲೆ. ಚಿಕಿತ್ಸೆ ಇದೆ. ಆದ್ರೆ ಕುಡೀತಾ ಇರೋರಿಗೆ ಕೊಟ್ಟು ಏನುಪಯೋಗ? ಮೊದ್ಲು ಬಿಡಿಸ್ಕೊಂಡು ಬನ್ನಿ. ಕೆಳಗೆ ಹೋಗಿ."

ಅಪ್ಪ ಮಗಳು ಹತ್ತಿ ಇಳಿದು, ಹತ್ತಿ ಇಳಿದು, ಆ ಕಲ್ಲಿನ ಮೆಟ್ಟಿಲುಗಳು ಸವೆದು ಜಾರುಬಂಡೆಯಾದವು. ಅವಳ ತಪ್ಪೇನೂ ಇಲ್ಲದೆ ಆಸ್ಪತ್ರೆಯ ಪದ್ಧತಿ ಅವಳನ್ನು ನಡುವೆ ಸೀಳಿ, ಎರಡು ತುಂಡನ್ನೂ ಬಾಗಿಲಾಚೆ ನಿಲ್ಲಿಸಿತ್ತು.

ಉಪಾಯ ಹೊಳೆದದ್ದು ಅಕ್ಕನಿಗೆ. "ಹೋಗಲೇಬೇಕು ಅಂದ್ರೆ ಹೋಗು. ಆದ್ರೆ ಎರಡನ್ನೂ ಯಾಕೆ ಹೇಳ್ತೀಯ? ಅಲ್ಲಿಗೆ ಬೇಕಾದ್ದನ್ನ ಅಲ್ಲಿ ಹೇಳು, ಇಲ್ಲಿಗೆ ಬೇಕಾದ್ದನ್ನ ಇಲ್ಲಿ. ಮಾನಾನೂ ಅರ್ಧ ಉಳಿಯುತ್ತೆ."

ಗಾಜಿನವನಿಗೆ ಇಷ್ಟು ಸುಲಭದ ಕೆಲಸ ಯಾರೂ ಕೊಟ್ಟಿರಲಿಲ್ಲ. ಕೆಳಗೆ ಹೋಗಿ ಗಾಯದ ಗುರುತು ತುಂಬಿದ ತನ್ನ ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿದ. "ಗಾಜಿನ ಮನೆ ಸಾರ್, ನಮ್ಮಲ್ಲಿ ಕೂಸುಗಳೂ ಹೀಗೇ ಹುಟ್ತವೆ. ಅಂಗಡೀಲಿ ನನಗೆ ಸಹಾಯ ಮಾಡ್ತಾಳಲ್ಲ, ಅದಕ್ಕೇ ಆ ಗೀರು." ಮೇಲೆ ಹೋಗಿ, "ಕುಡಿತವಾ? ಬಿಟ್ಟು ಯಾವ ಕಾಲ ಆಯ್ತು! ಇದು ಗಾಜು ಒರೆಸೋ ಸ್ಪಿರಿಟ್ ವಾಸನೆ ಸಾರ್" ಎಂದ. ಇಬ್ಬರೂ ನಂಬಿದರು. ಕೆಳಗಿನವರು ಕುಡಿತ ಬಿಡಲು ಬುದ್ಧಿವಾದ ಹೇಳಿದರು. ಮೇಲಿನವರು ನಿದ್ದೆಗೆ ಮಾತ್ರೆ ಕೊಟ್ಟರು.

ಮಗಳು ಪ್ರತಿ ಸಲ ಬಸ್ಸಿನಲ್ಲಿ ಅವನ ಪಕ್ಕ ಕೂತು ಕೇಳುತ್ತಿದ್ದಳು: "ಇವತ್ತು ನನ್ನ ಯಾವ ಅರ್ಧ ಬರ್ಬೇಕಪ್ಪ?"

ಅವನು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದ.

ಎರಡೂ ಮಹಡಿಯಲ್ಲಿ ಸರದಿಯ ಕೆಲಸ ಮಾಡುತ್ತಿದ್ದ ಹೊಸ ಡಾಕ್ಟರಮ್ಮ ಒಂದು ದಿನ ಮೆಟ್ಟಿಲ ಮೇಲೆ ಅವನನ್ನು ತಡೆದಳು. "ಯಜಮಾನ್ರೇ, ಮನಸ್ಸಿನ ಉರಿ ತಡೀಲಾರದೆ ಕುಡೀತಾರೆ, ಕುಡಿದಿದ್ದಕ್ಕೆ ಉರಿ ಜಾಸ್ತಿ ಆಗುತ್ತೆ. ಇದನ್ನ ಒಂದೇ ಕಡೆ, ಒಂದೇ ತಂಡ ಸೇರಿ ನೋಡ್ಬೇಕು. ಒಂದು ಮುಗೀಲಿ ಆಮೇಲೆ ಇನ್ನೊಂದು ಅಂದ್ರೆ ಎರಡೂ ಮುಗಿಯಲ್ಲ. ನಾನು ಮೀಟಿಂಗಿನಲ್ಲಿ ಹೇಳಿದ್ರೆ, ಅಂಥ ರೋಗಿ ಎಲ್ಲಿದ್ದಾರೆ ತೋರ್ಸು ಅಂತಾರೆ. ಎಲ್ಲಾ ಮನೆಯವರೂ ನಿಮ್ಮ ಹಾಗೆ ಮುಚ್ಚಿಟ್ಟರೆ ನಾನು ಯಾರನ್ನ ತೋರಿಸ್ಲಿ? ಅಷ್ಟೇ ಅಲ್ಲ. ಆ ಮಾತ್ರೆ ಕುಡಿತದ ಜೊತೆ ಸೇರಿದ್ರೆ ಉಸಿರು ನಿಂತುಹೋಗುತ್ತೆ. ನಿಜ ಹೇಳಿ. ಕುಡೀತಾಳಾ?"

"ನನ್ನ ಮಗಳಾ? ಅವಳು ಹಾದುಹೋದ್ರೆ ಬಾಟ್ಲಿಗಳೇ ನಾಚ್ಕೊಂಡು ಮುಖ ತಿರುಗಿಸ್ತವೆ ತಾಯಿ."

ಡಾಕ್ಟರಮ್ಮ ನಗಲಿಲ್ಲ.

ಅದಾದ ಮೇಲೊಂದು ದಿನ ಚಪ್ಪಲಿ ಅಂಗಡಿಯ ದೊಡ್ಡ ಗಾಜು ಕೂರಿಸಲು ಹೋದವನು ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎಂದಿದ್ದ. ಗಾಜಿನ ಮೂಲೆ ಚಕ್ಕೆಯೆದ್ದು ಕೆಲಸ ಎಳೆಯಿತು. ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬೀದಿಯಿಂದಲೇ ಕಿಟಕಿಯತ್ತ ನೋಡಿದ. ಒಡೆದಿರಲಿಲ್ಲ. ಸಮಾಧಾನದಿಂದ ಬಾಗಿಲು ತಳ್ಳಿದ.

ಮಗಳು ಮಂಚದ ಪಕ್ಕ ನೆಲದ ಮೇಲಿದ್ದಳು. ತುಟಿ ನೀಲಿಯಾಗಿತ್ತು. ಅಕ್ಕ ಬಾಟಲಿಯನ್ನು ಹಾಸಿಗೆಯಡಿ ತುರುಕುತ್ತಿದ್ದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅಂದು ಡಾಕ್ಟರಮ್ಮನದೇ ಸರದಿ. "ಏನು ತಗೊಂಡಿದ್ದಾಳೆ? ಬೇಗ ಹೇಳಿ."

"ಏನೂ ಇಲ್ಲಮ್ಮ," ಅಕ್ಕ ಮುಂದೆ ಬಂದಳು. "ಬಿಸಿಲಿಗೆ ತಲೆ ಸುತ್ತಿ ಬಿದ್ದಳು."

ಗಾಜಿನವನ ಬಾಯಿ ತಂತಾನೇ ತೆರೆಯಿತು. "ಅವಳು ಉಕ್ಕಿನಂಥ ಹುಡುಗಿ ತಾಯಿ, ಒಂದು ನೆಗಡೀನೂ ಅವಳ ಹತ್ತಿರ..."

"ಯಜಮಾನ್ರೇ." ಡಾಕ್ಟರಮ್ಮನ ಎರಡು ಕೈಯೂ ಮಗಳ ಮುಖದ ಮೇಲಿನ ಗಾಳಿಚೀಲವನ್ನು ಹಿಸುಕುತ್ತಿದ್ದವು. "ಕೆಳಗೆ ನೀವು ಹೇಳಿದ್ದನ್ನ ನಾನು ಕೇಳಿದ್ದೀನಿ. ಮೇಲೆ ಹೇಳಿದ್ದನ್ನೂ ಕೇಳಿದ್ದೀನಿ. ಈಗ ನೀವು ಸುಳ್ಳು ಹೇಳಿದ್ರೆ ಇವಳು ಸಾಯ್ತಾಳೆ."

ಅಕ್ಕ ಅವನ ಅಂಗಿಯ ತೋಳು ಜಗ್ಗಿದಳು.

"ಕುಡಿದಿದ್ದಾಳೆ," ಎಂದ ಅವನು. "ಮಾತ್ರೆಯೂ ತಗೊಂಡಿದ್ದಾಳೆ. ಎರಡೂ."

ಬಾಗಿಲು ಮುಚ್ಚಿತು. ಅಕ್ಕ, "ಮುಗೀತಲ್ಲ ಮಾನ," ಎಂದು ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತಳು. ಸ್ವಲ್ಪ ಹೊತ್ತಿಗೆ ಅವಳೇ ಅವನತ್ತ ಕೈ ಚಾಚಿದಳು. ಅವನು ಆ ಕೈಯನ್ನು ಹಿಡಿದುಕೊಳ್ಳಲಿಲ್ಲ. ಗೋಡೆ ನೋಡುತ್ತ ನಿಂತೇ ಇದ್ದ.

ಕತ್ತಲಾಗುವ ಮುಂಚೆ ಡಾಕ್ಟರಮ್ಮ ಹೊರಬಂದಳು. ಯಂತ್ರದ ಸಹಾಯದಿಂದ ಉಸಿರಾಡುತ್ತಿದ್ದಾಳೆ, ಉಳಿಯುತ್ತಾಳೆಂದು ಮಾತು ಕೊಡಲಾರೆ ಎಂದಳು. ಅವಳು ಹೇಳಿಕಳಿಸಿದ್ದಕ್ಕೆ ಮೇಲಿನ ಡಾಕ್ಟರು, ಕೆಳಗಿನ ಡಾಕ್ಟರು ಇಬ್ಬರೂ ಬಂದು ಬಾಗಿಲ ಬಳಿ ನಿಂತಿದ್ದರು.

"ಎಚ್ಚರವಾದ್ರೆ ಮೊದ್ಲು ಕುಡಿತ ಬಿಡಿಸ್ಬೇಕು, ಆಮೇಲೆ ನಾವು..." ಎಂದು ಮೇಲಿನವರು ಶುರುಮಾಡಿದರು.

"ಮನಸ್ಸು ಹತೋಟಿಗೆ ಬರದೆ ನಮ್ಮಲ್ಲಿ..." ಎಂದರು ಕೆಳಗಿನವರು.

ಗಾಜಿನವನು ಬಾಗಿಲಿಗೆ ಅಡ್ಡ ನಿಂತ.

"ನಿಮಗೆ ಸುಳ್ಳು ಹೇಳ್ದೆ," ಎಂದ ಕೆಳಗಿನವರಿಗೆ. "ಕೈ ಅವಳೇ ಕುಯ್ಕೊಂಡಿದ್ದು. ಅಂಗಡೀಲಿ ಅವಳು ಗಾಜು ಮುಟ್ಟೇ ಇಲ್ಲ." ಮೇಲಿನವರ ಕಡೆ ತಿರುಗಿದ. "ನಿಮಗೂ ಹೇಳ್ದೆ. ಒಂದು ದಿನಾನೂ ಕುಡಿಯೋದು ಬಿಟ್ಟಿಲ್ಲ. ಕಿಟಕಿ ಒಡೆದಾಗ್ಲೆಲ್ಲ ನಾನು ಹೊಸದು ಹಾಕ್ದೆ, ಯಾರಿಗೂ ಗೊತ್ತಾಗ್ಬಾರ್ದು ಅಂತ. ಅವಳಿಗೂ ಅದು ಗೊತ್ತಿತ್ತು."

ಒಳಗೆ ಯಂತ್ರ ಅವಳಿಗಾಗಿ ಉಸಿರೆಳೆದು ಬಿಡುತ್ತಿತ್ತು.

"ನನ್ನ ಕೈಲಿ ಆಗ್ತಿಲ್ಲ," ಎಂದ ಗಾಜಿನವನು. ಆ ಮಾತನ್ನು ಅವನು ಹುಟ್ಟಿದಾಗಿನಿಂದ ಯಾರಿಗೂ ಹೇಳಿರಲಿಲ್ಲ. "ನಿಮ್ಮಲ್ಲಿ ಒಬ್ಬರ ಕೈಲೂ ಆಗಲ್ಲ. ಇಬ್ಬರೂ ಒಟ್ಟಿಗೇ ಅವಳನ್ನ ನೋಡ್ತೀವಿ ಅಂತ ಒಳಗೆ ಬನ್ನಿ. ಅಲ್ಲಿಗಂಟ ನಾನು ಈ ಬಾಗಿಲು ಬಿಡಲ್ಲ."