ಹೆಟ್ಟಿ ಕ್ರೂಮ್ ಕಾಯ್ದ ಜಾಡಿ

ವಿಸ್ಕಿ ಡಿಸ್ಟಿಲರಿಯ ಹಳೆಯ ಕಲ್ಲುಗೋಡೆಗೆ ಒರಗಿ ಗೈಡ್ ಗ್ಯಾರೆಟ್ ಗಂಟಲು ಸರಿಮಾಡಿಕೊಂಡ ಕೂಡಲೇ ಅರ್ಲೀನ್ ಕ್ರೂಮಳಿಗೆ ಮೈ ಉರಿಯಿತು. ಇನ್ನು ಅದೇ ಪುರಾಣ. ಈ ಬೇಸಿಗೆಯಲ್ಲಿ ಅವಳು ಟಿಕೆಟ್ ಕೊಂಡು ಅದನ್ನು ಕೇಳುತ್ತಿರುವುದು ಇದು ಐದನೆಯ ಸಲ.

“ಸಾವಿರದೊಂಬೈನೂರ ಮೂವತ್ತೇಳರ ಪ್ರವಾಹದಲ್ಲಿ ಕೆಂಟಕಿ ನದಿ ಈ ಗೋಡೇನೇ ಮುಳುಗಿಸಿತ್ತು. ಆಗ ಈ ಡಿಸ್ಟಿಲರಿ ಯಜಮಾನರು ಯೀಸ್ಟ್ ಹುದುಗಿನ ಜಾಡಿ ಎತ್ಕೊಂಡು ಒಂದೇ ಕೈಲಿ ಈಜಿ ದಡ ಸೇರಿದ್ರು. ಇವತ್ತಿನ ವಿಸ್ಕಿ ಹುಳಿಯೋದೂ ಅದೇ ಹುದುಗಿನಿಂದ.”

“ಆ ಮನುಷ್ಯ ಸ್ನಾನದ ತೊಟ್ಟೀಲೂ ಈಜಿದವನಲ್ಲ,” ಎಂದಳು ಅರ್ಲೀನ್.

“ಪ್ರಶ್ನೆಗಳೆಲ್ಲ ಕೊನೇಲಿ, ಮಿಸ್ ಅರ್ಲೀನ್.”

“ಕೊನೇಲಿ ನೀನು ವಿಸ್ಕಿ ಗ್ಲಾಸ್ ಹಂಚ್ತೀಯ. ಆಮೇಲೆ ಯಾರಿಗಪ್ಪಾ ಕಿವಿ ಇರುತ್ತೆ?”

ಪ್ರವಾಸಿಗರ ಗುಂಪು ನಕ್ಕಿತು. ನಗುವವರಿಗೇನು, ಜಾಡಿ ಇದ್ದದ್ದು ಅವರ ಮನೆಯಲ್ಲಲ್ಲವಲ್ಲ. ಅರ್ಲೀನಳ ಅಪ್ಪ ಆಗ ಇಲ್ಲಿ ಹುದುಗು ನೋಡಿಕೊಳ್ಳುವ ಕೆಲಸದವನು. ನೀರು ಏರುವ ಹಿಂದಿನ ದಿನ ಜಾಡಿಯನ್ನು ಮನೆಗೆ ಹೊತ್ತು ತಂದು, ಜ್ವರ ಹಿಡಿದು ಮಲಗಿಬಿಟ್ಟ. ಆಮೇಲೆ ಏಳು ವಾರ ಅದಕ್ಕೆ ರೈ ಧಾನ್ಯದ ಹಿಟ್ಟು ಕಲಸಿ ಉಣಿಸಿ, ಬೆಚ್ಚಗಿಟ್ಟು ಬದುಕಿಸಿದವಳು ಅಮ್ಮ ಹೆಟ್ಟಿ. ಎಂಟು ವರ್ಷದ ಅರ್ಲೀನ್ ಮುಚ್ಚಳ ಹಿಡಿದು ನಿಂತಿರುತ್ತಿದ್ದಳು. ಹೆಟ್ಟಿಯೋ ಕುಡಿತವನ್ನು ಪಾಪವೆನ್ನುವ ಬ್ಯಾಪ್ಟಿಸ್ಟ್ ಚರ್ಚಿನ ಅಪ್ಪಟ ಭಕ್ತೆ. ವಿಸ್ಕಿ ಎಂಬ ಮಾತು ಹೊಸ್ತಿಲು ದಾಟಕೂಡದು. ಪಾದ್ರಿ ಬಂದರೆ ಜಾಡಿಗೆ ಬಟ್ಟೆ ಹೊದಿಸಿ, “ಬ್ರೆಡ್ಡಿಗೆ ಇಟ್ಟಿರೋದು,” ಎನ್ನುತ್ತಿದ್ದಳು.

ಆ ಗೋಡೆಯ ಹತ್ತಿರ ಒಂದು ಸಲ, ಒಂದೇ ಸಲ, ಅಮ್ಮನ ಹೆಸರು ಹೇಳಬೇಕು. ಅರ್ಲೀನ್ ಕೇಳುತ್ತಿದ್ದದ್ದು ಇಷ್ಟೇ. ಕಂಪನಿಗೆ ಬರೆದ ಮೂರು ಪತ್ರಗಳಿಗೆ ಬಂದದ್ದು ಮೂರು ಕ್ಯಾಲೆಂಡರು.

ಸುತ್ತಾಟ ಮುಗಿದ ಮೇಲೆ ಗ್ಯಾರೆಟ್ ಅವಳನ್ನು ಆಫೀಸಿಗೆ ಕರೆದ.

“ನಿಮ್ಮ ಕಾಟ ತಡೀಲಾರದೆ ಹಳೇ ಪೆಟ್ಟಿಗೆ ಎಲ್ಲಾ ಜಾಲಾಡಿದೆ. ಇದು ಸಿಕ್ತು. ನೀವು ಹೇಳಿದ್ದೇ ನಿಜ, ಮಿಸ್ ಅರ್ಲೀನ್.”

ಹಳದಿಯಾದ ಕಾಗದ. ಅಕ್ಷರ ಅಮ್ಮನದೇ. ಅರ್ಲೀನ್ ಕನ್ನಡಕ ಏರಿಸಿಕೊಂಡು ಓದಿದಳು.

‘ಯಜಮಾನರೇ, ಜಾಡಿ ಕಳಿಸಿದ್ದೇನೆ, ಜೀವಂತವಾಗಿದೆ. ನನ್ನ ಹೆಸರು ಎಲ್ಲಿಯೂ ಬರಕೂಡದು. ತಿಳಿದರೆ ನನ್ನನ್ನು ಚರ್ಚಿನಿಂದ ಹೊರಗೆ ಹಾಕುತ್ತಾರೆ. ಯಾರಾದರೂ ಕೇಳಿದರೆ ನೀವೇ ಉಳಿಸಿದಿರಿ ಎನ್ನಿ. ಬೇಕಾದರೆ ಈಜಿಕೊಂಡು ತಂದದ್ದು ಎನ್ನಿ. ಗಂಡಸರು ಹೇಳಿದರೆ ಜನ ನಂಬುತ್ತಾರೆ. ಹೆಟ್ಟಿ ಕ್ರೂಮ್.’

ಅರ್ಲೀನ್ ಎರಡು ಸಲ ಓದಿದಳು. ಇಷ್ಟು ವರ್ಷ ಯಾರ ಮೇಲೆ ಹಲ್ಲು ಕಡಿದಿದ್ದಳೋ ಅವರ್ಯಾರೂ ಅಪರಾಧಿಗಳಲ್ಲ. ಹೋಗಿ ಜಗಳವಾಡೋಣವೆಂದರೆ ಅಮ್ಮ ಮಣ್ಣಾಗಿ ಇಪ್ಪತ್ತು ವರ್ಷ.

“ಮೂರು ಗಂಟೆಗೆ ಇನ್ನೊಂದು ಗುಂಪಿದೆ,” ಎಂದ ಗ್ಯಾರೆಟ್ ಮೆಲ್ಲಗೆ. “ನೀವು ಹೂಂ ಅಂದ್ರೆ ನಿಮ್ಮಮ್ಮನ ಹೆಸರೇ ಹೇಳ್ತೀನಿ.”

ಬಾಯಿತುದಿಗೆ ಬಂದ ಹೂಂ ಅಲ್ಲೇ ನಿಂತಿತು. ಬೇಡವೆಂದು ಬರೆದವಳ ಮಾತು ಮೀರುವುದು ಹೇಗೆ? ಮೀರದೆ ಇರುವುದಾದರೂ ಹೇಗೆ?

“ಸತ್ತ ಮೇಲೂ ಬಾಯ್ಮುಚ್ಚು ಅಂತಾಳೆ ನೋಡು,” ಎಂದಳು ಕೊನೆಗೆ. ಕಾಗದ ಮಡಿಚಿ ಗ್ಯಾರೆಟ್‌ನ ಕೈಗಿಟ್ಟಳು. “ಯಜಮಾನ ಈಜಿದ ಅಂತ್ಲೇ ಹೇಳಪ್ಪ. ಸರಿಯಾಗಿ ಹೇಳು, ಒಂದಕ್ಷರ ಬಿಡ್ಬೇಡ. ಆ ಕಥೆ ಕಟ್ಟಿದವಳು ನಮ್ಮಮ್ಮ.”

ಸಿಟ್ಟು ಮಾತ್ರ ಇಳಿಯಲಿಲ್ಲ.