ನೀಲಿ ವೈರು

"ಬೇಗ ವೈರು ಸಿಕ್ಕಿಸು," ಎಂದು ಶುಕ್ರಿ ಬಂದೂಕಿನ ತುದಿಯಿಂದ ಮಬ್ರೂಕಾಳ ಬೆನ್ನು ತಿವಿದ. ಅವಳು ಮೇಜಿನ ಕೆಳಗೆ ಮಂಡಿಯೂರಿದ್ದಳು. ಮೇಲಿದ್ದ ಕಂಪ್ಯೂಟರು ಅವನ ದಂಡು ಎಲ್ಲೋ ದೋಚಿ ತಂದದ್ದು. ಅದರ ಪರದೆಯ ಮೇಲೆ ಯಾರದೋ ರಕ್ತ ಒಣಗಿತ್ತು. ಟ್ರಿಪೋಲಿಯ ಅಂಚಿನ ಆ ನೋಂದಣಿ ಕಚೇರಿಗೆ ನುಗ್ಗಿ, ನೌಕರರನ್ನೆಲ್ಲ ಹೊರಗಟ್ಟಿ, ಕಂಪ್ಯೂಟರು ನೋಡಿಕೊಳ್ಳುವ ಇವಳನ್ನೂ ಮುಖ್ಯಸ್ಥರಾದ ಹಾಜಿ ಮಿಫ್ತಾಹರನ್ನೂ ಮಾತ್ರ ಉಳಿಸಿಕೊಂಡಿದ್ದ. ಊರಿನ ಮನೆಮನೆಯ ವಿಳಾಸ ಇನ್ನು ದಂಡಿಗೆ ಕೂತಲ್ಲೇ ಕಾಣಬೇಕಂತೆ. ಮೊದಲು ಬೇಕಾದದ್ದು ದಂಡು ಬಿಟ್ಟು ಓಡಿದ ಸುಲೈಮಾನನ ಮನೆ.

ಸುಲೈಮಾನ ಮಬ್ರೂಕಾಳ ತಂಗಿ ನಜ್ವಾಳ ಗಂಡ. ಹುಟ್ಟಿದ ಮಗುವಿನ ಹೆಸರು ಬರೆಸಲು ಬಂದಾಗ ಹೊಸ ಮನೆಯ ವಿಳಾಸ ಕೊಟ್ಟಿದ್ದ. ಅದನ್ನು ಕಂಪ್ಯೂಟರಿಗೆ ಹಾಕಿದವಳು ಅವಳೇ. ಈ ನಂಟು ಹಾಜಿಯವರಿಗೆ ಗೊತ್ತು. ಪುಣ್ಯಕ್ಕೆ ಆ ಪಾಪಿ ಶುಕ್ರಿಗೆ ಗೊತ್ತಿರಲಿಲ್ಲ.

ಕಚೇರಿಯ ಕಂಪ್ಯೂಟರು ವೈರುಗಳೆಲ್ಲ ಮೇಜಿನ ಹಿಂದಿನ ಗೋಡೆಯ ಕಪಾಟಿನೊಳಗಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಮಬ್ರೂಕಾ ದಂಡಿನ ಕಂಪ್ಯೂಟರಿನ ವೈರನ್ನು ಅದಕ್ಕೆ ಸಿಕ್ಕಿಸಿದಳು. ಆಮೇಲೆ ಅಲ್ಲೇ ಬಿದ್ದಿದ್ದ ನೀಲಿ ವೈರೊಂದನ್ನು ಎತ್ತಿಕೊಂಡು, ಎರಡೂ ತುದಿಗಳನ್ನು ಅದೇ ಪೆಟ್ಟಿಗೆಯ ಎರಡು ತೂತುಗಳಿಗೆ ಹಾಕಿದಳು. ಹಾವು ತನ್ನ ಬಾಲವನ್ನೇ ಕಚ್ಚಿದಂತಾಯಿತು. ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ ಪಟಪಟನೆ ಮಿನುಗತೊಡಗಿದವು. ದೀಪ ಹತ್ತಿದರೆ ಕೆಲಸವಾಯಿತೆಂದೇ ಶುಕ್ರಿಯ ಲೆಕ್ಕ. ಖುಷಿಯಿಂದ ಹೋಗಿ ಕೂತ.

ಹೆಸರು ಕುಟ್ಟಿದ. ಪರದೆ ಕಮಕ್ ಕಿಮಕ್ ಅನ್ನಲಿಲ್ಲ. ಪಕ್ಕದ ಕಂಪ್ಯೂಟರುಗಳೂ ಸತ್ತು ಕೂತವು. ಅವನು ಎದ್ದು ಬಂದವನೇ ಹಾಜಿಯವರ ದವಡೆಗೆ ಬಂದೂಕಿನ ಹಿಡಿಯಿಂದ ಬಾರಿಸಿದ.

ಕಪಾಟಿಗೆ ಒರಗಿ ಜಾರಿದ ಹಾಜಿಯವರಿಗೆ ನೀಲಿ ವೈರು ಕಂಡಿತು. ಹೋದ ವರ್ಷ ಆ ಪೆಟ್ಟಿಗೆಯಿಂದ ಜೋತಾಡುತ್ತಿದ್ದ ವೈರಿನ ತುದಿಯನ್ನು ಅದೇ ಪೆಟ್ಟಿಗೆಯ ಖಾಲಿ ತೂತಿಗೆ ಹಾಕಿ, ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಅರ್ಧ ದಿನ ಮಲಗಿಸಿದ್ದವರು ಅವರೇ. ಚಹಾದ ಹೊತ್ತಿಗೆ ನೌಕರರು ಈಗಲೂ ಅದನ್ನೇ ಎತ್ತಿ ಅವರ ಕಾಲೆಳೆಯುತ್ತಿದ್ದರು. ನೋಡಿದೊಡನೆ ಅರ್ಥವಾಯಿತು ಅವರಿಗೆ.

ಎರಡನೇ ಏಟಿಗೆ ಹಲ್ಲು ಉದುರಿತು. ಮೂರನೆಯದನ್ನು ನೋಡಲಾಗದೆ ಮಬ್ರೂಕಾಳ ಕೈ ನೀಲಿ ವೈರು ಕೀಳಲು ಹೋಯಿತು.

"ಮುಟ್ಬೇಡ ಮಗಳೇ, ಶಾಕ್ ಹೊಡೀತದೆ," ಎಂದರು ಹಾಜಿ, ರಕ್ತ ಉಗುಳುತ್ತ. ಶುಕ್ರಿಯ ಕಡೆ ತಿರುಗಿದರು. "ಲೈನು ಪೇಟೆ ಕಡೆಯಿಂದಲೇ ಹೋಗಿದೆ ಕಣಪ್ಪಾ. ಮಧ್ಯಾಹ್ನದ ಮೇಲೆ ಬರ್ತದೆ. ನಾನು ಎಲ್ಲಿಗೆ ಓಡ್ತೀನಿ, ಇಲ್ಲೇ ಇರ್ತೀನಿ."

"ಅದನ್ನೂ ಖಾತ್ರಿ ಮಾಡ್ಕೊಳ್ಳೋಣ," ಎಂದ ಶುಕ್ರಿ, ಅವರ ಮಂಡಿಗೆ ಗುಂಡು ಹೊಡೆದು, ಊಟಕ್ಕೆ ಹೊರಟ.

ಮಬ್ರೂಕಾ ತಲೆವಸ್ತ್ರ ಕಿತ್ತು ಗಾಯಕ್ಕೆ ಬಿಗಿದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ತಂಗಿಗೆ ಎಲ್ಲ ಹೇಳಿದಳು.

"ಒಲೇಲಿ ರೊಟ್ಟಿ ಇದೆ ಅಕ್ಕಾ, ಬೆಂದ ಕೂಡ್ಲೇ..."

"ಸುಟ್ಟುಹೋಗ್ಲಿ ರೊಟ್ಟಿ. ಮಗೂನ ಎತ್ಕೊ, ಸುಲೈಮಾನನ್ನ ಎಬ್ಬಿಸು, ಹಿತ್ತಲ ಬಾಗಿಲಿಂದ ಹೊರಡು."

ನಜ್ವಾ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಮಗು ಅತ್ತಿತು, ಅಳು ದೂರವಾಯಿತು, ಬಾಗಿಲು ಬಡಿಯಿತು.

"ಹೋದ್ರಾ?" ಎಂದರು ಹಾಜಿ, ಕಣ್ಣು ಮುಚ್ಚಿಯೇ.

ಮಬ್ರೂಕಾ ಫೋನನ್ನು ಅವರ ಕಿವಿಗೆ ಹಿಡಿದಳು. ಅತ್ತ ಖಾಲಿ ಮನೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು.