ಮೊಳೆ ಹೊಡೆದ ಕಿಟಕಿಗಳು

ಚಳಿ ಕಾಲಿಟ್ಟಿತೆಂದರೆ ಬಡಗಿ ತಾತನಿಗೆ ಒಂದೇ ಗುಮಾನಿ, ಗಾಳಿಯ ಮೇಲೆ. ಬಾಗಿಲ ಸಂದಿಯಿಂದ ಸುಳಿಯುವ ಗಾಳಿ, ಸೂರಿನ ಕೆಳಗಿಂದ ಇಳಿಯುವ ಗಾಳಿ. ನೆಗಡಿ ಬರಲಿ, ಕೆಮ್ಮು ಬರಲಿ, ತಪ್ಪು ಗಾಳಿಯದೇ. ಹಾಗಾಗಿ ಮೊಮ್ಮಗಳು ಶಾಲೆಯಿಂದ ಮೂಗು ಸುರಿಸಿಕೊಂಡು ಬಂದ ಸಂಜೆಯೇ ಅವನು ಸುತ್ತಿಗೆ ಹುಡುಕಿದ.

ಆ ಮೊಮ್ಮಗಳನ್ನು ಮನೆಯಲ್ಲೂ ಬೀದಿಯಲ್ಲೂ ಗಿಣಿ ಎಂದೇ ಕರೆಯುತ್ತಿದ್ದರು. ಅವಳು ಬಾಯಿ ಮುಚ್ಚಿದ್ದನ್ನು ನಿದ್ದೆಯಲ್ಲಿ ಬಿಟ್ಟರೆ ಕಂಡವರಿಲ್ಲ.

ಗಿಣಿಯ ತರಗತಿಯ ಕಿಟಕಿಗಳು ಹಳೆಯವು, ಕದಗಳು ಸರಿಯಾಗಿ ಕೂರುತ್ತಿರಲಿಲ್ಲ. ತಾತ ಒಂದು ರಜಾದಿನ ತಾನಾಗಿಯೇ ಹೋಗಿ, ಸಂದಿಗಳಿಗೆಲ್ಲ ಮರದ ಪಟ್ಟಿ ಕೂರಿಸಿ, ಕದಗಳನ್ನು ಚೌಕಟ್ಟಿಗೆ ಸೇರಿಸಿ ಮೊಳೆ ಹೊಡೆದು ಬಂದ.

"ಇನ್ನು ಒಂದು ಇರುವೆ ನುಗ್ಗಿದ್ರೂ ನನ್ನ ಕೇಳಿ ಟೀಚರಮ್ಮ," ಎಂದ, ಮರುದಿನ ಎದೆಯುಬ್ಬಿಸಿ.

"ಬೆಚ್ಚಗಿದೆ ತಾತ. ಕಾಗದ ಹಾರೋ ಕಾಟವೂ ತಪ್ಪಿತು," ಎಂದು ಟೀಚರಮ್ಮನೂ ಖುಷಿಪಟ್ಟರು.

ಆ ಬೆಚ್ಚಗಿನ ಕೋಣೆಯಲ್ಲಿ ಮಕ್ಕಳು ಭುಜಕ್ಕೆ ಭುಜ ತಾಗಿಸಿ ಕೂತು, ಗಂಟಲು ಹರಿಯುವ ಹಾಗೆ ಮಗ್ಗಿ ಕೂಗಿದರು. ನಡುನಡುವೆ ಕೆಮ್ಮಿದರು, ಸೀನಿದರು. ಮೂಗೊರೆಸಿದ ಕೈಯಲ್ಲೇ ರಬ್ಬರು ಕೊಟ್ಟು ಪೆನ್ಸಿಲು ತೆಗೆದುಕೊಂಡರು. ನೀರಿನ ಡ್ರಮ್ಮಿಗೆ ಸರಪಳಿಯಲ್ಲಿ ಕಟ್ಟಿದ ಒಂದೇ ಲೋಟ ಎಲ್ಲರ ಬಾಯಿಗೂ ಹೋಗಿಬಂತು. ಮೊದಲು ಗಿಣಿಯ ಪಕ್ಕದವಳು ಜ್ವರ ಬಂದು ಮಲಗಿದಳು. ಆಮೇಲೆ ಹಿಂದಿನ ಬೆಂಚಿನವರು, ಕೊನೆಗೆ ಗಿಣಿಯೂ. ಚಳಿ ಇನ್ನೂ ಅರ್ಧ ಕಳೆದಿರಲಿಲ್ಲ, ತರಗತಿ ಹಲ್ಲುದುರಿದ ಬಾಯಿಯ ಹಾಗಾಗಿತ್ತು.

"ಶಾಲೆ ಮೂಲೇಲಿ ಎಲ್ಲೋ ಇನ್ನೂ ಒಂದು ಸಂದಿ ಉಳಿದಿರ್ಬೇಕು ಕಣೇ," ಎಂದು ತಾತ ಹೆಂಡತಿಯ ಹತ್ತಿರ ತಲೆ ಕೆರೆದುಕೊಂಡ.

"ನಿಮ್ಮ ತಲೇಲೇ ಒಂದು ಸಂದಿ ಉಳಿದಿದೆ ನೋಡಿ," ಎಂದಳು ಅಜ್ಜಿ.

ಆದರೆ ತಾತನ ಮನಸ್ಸು ನಿಜವಾಗಿ ಇದ್ದುದು ಬೇರೆ ಕಡೆ. ಸೊಸೆಗೆ ಎರಡನೆಯ ಮಗುವಾಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ, ಹತ್ತಿಯ ಉಂಡೆಯಂಥ ಗಂಡು ಕೂಸು. ಆಸ್ಪತ್ರೆಯಿಂದ ಬಿಟ್ಟ ಮೇಲೆ ತಾಯಿ ಮಗು ಅಲ್ಲೇ ಹತ್ತಿರದಲ್ಲಿದ್ದ ಅವಳ ಅಕ್ಕನ ಮನೆಯಲ್ಲಿದ್ದರು. ಇನ್ನೇನು ಮನೆಗೆ ಬರುವುದಿತ್ತು. ತಾತ ಮೊಮ್ಮಗನ ಮುಖ ಇನ್ನೂ ಕಂಡಿರಲಿಲ್ಲ. ಕಾಣದ ಮುಖಕ್ಕಾಗಿ ತೊಟ್ಟಿಲು ಮಾಡುತ್ತಿದ್ದ. ಕೂಸಿಗೆ ಒಂದು ಚೂರೂ ಚುಚ್ಚಬಾರದೆಂದು ಪಾಲಿಷ್ ಪೇಪರಿನಲ್ಲಿ ಉಜ್ಜಿದ್ದನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದ.

ಹಾಗೆ ಉಜ್ಜುತ್ತಿದ್ದಾಗಲೇ ಆರೋಗ್ಯ ಕೇಂದ್ರದ ನರ್ಸಮ್ಮ ಅವನ ಕೆಲಸದ ಕೊಟ್ಟಿಗೆಗೆ ಬಂದರು. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಬಂದವರೇ ಕೈ ಉಜ್ಜಿಕೊಳ್ಳುತ್ತ ಬಾಗಿಲು ಎಳೆದುಕೊಂಡರು.

"ಅಯ್ಯಯ್ಯೋ, ಬಾಗಿಲು ಹಾಕ್ಬೇಡಿ ನರ್ಸಮ್ಮ!" ತಾತ ಕೂಗಿಕೊಂಡ. "ಮರದ ಧೂಳು ಹೊರಗೆ ಹೋಗ್ದೆ ಇಲ್ಲೇ ತೇಲ್ತಾ ನಿಂತುಬಿಡುತ್ತೆ. ಆಮೇಲೆ ನೀವೂ ಕೆಮ್ಮಬೇಕು, ನಾನೂ ಕೆಮ್ಮಬೇಕು."

ನರ್ಸಮ್ಮ ಬಾಗಿಲು ತೆರೆದರು. ಅಲ್ಲೇ ನಿಂತು ತಾತನನ್ನು ನೋಡಿ ನಕ್ಕರು.

"ಏನ್ರಮ್ಮ ನಗ್ತೀರಿ?"

"ನಾನು ಹೇಳೋಕೆ ಬಂದಿದ್ದನ್ನ ನೀವೇ ಹೇಳಿಬಿಟ್ರಲ್ಲ ಯಜಮಾನ್ರೇ. ಮೊದಲು ಬೇಜಾರಿನ ಮಾತು ಹೇಳ್ತೀನಿ. ಕೂಸನ್ನ ಈಗಲೇ ಮನೆಗೆ ಕರ್ಕೊಂಡು ಬರೋದು ಬೇಡ ಅಂದಿದಾರೆ ಡಾಕ್ಟರು."

ತಾತನ ಕೈಯಿಂದ ಪೇಪರು ಜಾರಿತು. "ಯಾಕೆ? ಕೂಸಿಗೇನಾಯ್ತು?"

"ಕೂಸು ಚೆನ್ನಾಗಿದೆ. ಚೆನ್ನಾಗೇ ಇರ್ಲಿ ಅಂತಲೇ ಈ ಮಾತು. ನಿಮ್ಮ ಗಿಣಿಗೆ ಜ್ವರ, ಕೆಮ್ಮು. ದೊಡ್ಡ ಮಕ್ಕಳಿಗೆ ಬರೀ ನೆಗಡಿ ಅನ್ನಿಸೋದು ಅಷ್ಟು ಸಣ್ಣ ಕೂಸಿನ ಎದೆಗಿಳಿದ್ರೆ ಉಸಿರೇ ಕಷ್ಟ. ಅವಳಿಗೆ ಪೂರ್ತಿ ವಾಸಿಯಾಗ್ಲಿ. ಅಷ್ಟೇ ಅಲ್ಲ, ಶಾಲೆಯಿಂದ ಮತ್ತೆ ಮತ್ತೆ ತರ್ದೆ ಇರೋ ಹಾಗೂ ಆಗ್ಲಿ."

"ಶಾಲೇಲಿ ಗಾಳಿ ಬರ್ದಿರೋ ಹಾಗೆ ನಾನೇ ಮೊಳೆ ಹೊಡೆದಿದೀನಲ್ಲ!"

"ಅದೇ ಎಡವಟ್ಟಾಗಿದ್ದು."

ತಾತನ ಮುಖ ಬಿಗಿಯಿತು. "ನರ್ಸಮ್ಮ, ನಮ್ಮಪ್ಪನ ಕಾಲದಿಂದ ಕೇಳಿದೀನಿ, ಚಳಿಗಾಳಿ ತಾಗಿದ್ರೆ ನೆಗಡಿ ಅಂತ."

"ಚಳಿಗೆ ಮೈ ನಡುಗುತ್ತೆ, ಬೆಚ್ಚಗೆ ಉಡಿಸಿ, ಬೇಡ ಅನ್ನಲ್ಲ. ಆದ್ರೆ ನೆಗಡಿ ತರೋದು ವೈರಸ್. ಅದು ಬರೋದು ಇನ್ನೊಬ್ಬರ ಮೂಗು ಬಾಯಿಂದ. ಒಂದು ಮಗು ಕೆಮ್ಮಿದ್ರೆ ದಪ್ಪ ಹನಿ ಹತ್ತಿರದವರ ಮೇಲೆ ಬೀಳುತ್ತೆ, ಸಣ್ಣದು ನಿಮ್ಮ ಮರದ ಧೂಳಿನ ಹಾಗೆ ತೇಲ್ತಾ ಇರುತ್ತೆ. ಕೂಗಿ ಮಗ್ಗಿ ಹೇಳಿದ್ರೂ ಹನಿ ಹಾರುತ್ತೆ. ಚಳಿ ಅಂತ ಎಲ್ಲರೂ ಬಾಗಿಲು ಕಿಟಕಿ ಮುಚ್ಚಿಕೊಂಡು ಕೂತರೆ ಅದಕ್ಕೆ ಸುಗ್ಗಿ."

"ಧೂಳು ಕಣ್ಣಿಗೆ ಕಾಣುತ್ತೆ. ನಿಮ್ಮ ವೈರಸ್ ಎಲ್ಲಿ ಕಾಣುತ್ತೆ?" ತಾತ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ.

ಸೂರಿನ ಸಂದಿಯಿಂದ ಒಂದು ಬಿಸಿಲುಕೋಲು ತೊಟ್ಟಿಲ ಮೇಲೆ ಬಿದ್ದಿತ್ತು. ಅದರೊಳಗೆ ಧೂಳಿನ ಕಣಗಳು ಸುತ್ತುತ್ತಿದ್ದವು. ನರ್ಸಮ್ಮ ಅದರ ಕಡೆ ಕೈ ತೋರಿಸಿದರು.

"ಈ ಬಿಸಿಲಲ್ಲಿ ಮಾತ್ರ ಕಾಣ್ತಿದೆ. ಪಕ್ಕದಲ್ಲಿ ನೋಡಿ, ಏನೂ ಇಲ್ಲ. ಕಾಣಲ್ಲ ಅಂತ ಅಲ್ಲಿರೋ ಧೂಳು ನಿಮ್ಮ ಮೂಗಿಗೆ ಹೋಗಲ್ವಾ?"

ತಾತ ಬಿಸಿಲುಕೋಲನ್ನು ನೋಡಿದ. ಪಕ್ಕದ ಖಾಲಿ ಜಾಗವನ್ನು ನೋಡಿದ. ಬಾಗಿಲಿಂದ ಗಾಳಿ ಬೀಸಿದಾಗಲೆಲ್ಲ ಕಣಗಳು ಸರ್ರನೆ ಜಾರಿಹೋಗುತ್ತಿದ್ದವು. ಈ ಕೊಟ್ಟಿಗೆಯಲ್ಲಿ ಅವನ ಕೂದಲು ಹಣ್ಣಾಗಿತ್ತು. ಎಂಥ ಚಳಿಯಲ್ಲೂ ಆ ಬಾಗಿಲು ಹಾಕಿದವನಲ್ಲ.

"ಹಾಗಾದ್ರೆ ನಾನು ಮಕ್ಕಳನ್ನ ಧೂಳಿನ ಡಬ್ಬಕ್ಕೆ ಹಾಕಿ ಮುಚ್ಚಳ ಜಡಿದೆ ಅನ್ನಿ," ಎಂದ ಮೆಲ್ಲಗೆ.

"ನೀವು ಹೊಡೆದದ್ದು ಪ್ರೀತಿಯಿಂದ. ಮೊಳೆ ತಾನೇ? ಕಿತ್ತರೆ ಬರುತ್ತೆ."

"ಬರ್ದೆ ಏನು? ಹೊಡೆದ ಕೈಗೆ ಕೀಳೋಕೂ ಬರುತ್ತೆ!"

ಮರುದಿನ ಬೆಳಿಗ್ಗೆ ತಾತ ಇಕ್ಕಳ ಹಿಡಿದು ಶಾಲೆಗೆ ಹೋದ. ಮೊಳೆಗಳು ಕಿರುಗುಟ್ಟುತ್ತ ಹೊರಬಂದವು. ಕದಗಳು ಪಟಪಟ ಬಡಿಯಬಾರದೆಂದು ಒಂದೊಂದಕ್ಕೂ ಕೊಕ್ಕೆ ಹಾಕಿದ. ಎದುರುಬದುರು ಕಿಟಕಿಗಳು ತೆರೆದುಕೊಂಡಾಗ ಟೀಚರಮ್ಮನ ಮೇಜಿನ ಕಾಗದವೆಲ್ಲ ಮಕ್ಕಳ ತಲೆಯ ಮೇಲೆ ಹಾರಾಡಿತು. ಮಕ್ಕಳು ಹೋ ಎಂದರು. ತಾತ ಜೇಬಿನಿಂದ ಮರದ ತುಂಡು ತೆಗೆದು ಆಯ್ದು ತಂದ ಕಾಗದದ ಮೇಲಿಟ್ಟ.

"ತಾತ, ಪೋಷಕರು ಕೇಳಿದ್ರೆ? ಚಳೀಲಿ ಕಿಟಕಿ ತೆಗೆದಿದೀರಲ್ಲ ಅಂದ್ರೆ?" ಟೀಚರಮ್ಮನಿಗೆ ಅಳುಕು.

"ನನ್ನ ಹತ್ರ ಕಳಿಸಿ. ಕೊಟ್ಟಿಗೆ ಬಾಗಿಲು ಹಾಕಿ ಅರ್ಧ ಗಂಟೆ ಗರಗಸ ಎಳೀತೀನಿ. ಅವರೇ ಎದ್ದು ಬಾಗಿಲು ತೆಗೀತಾರೆ."

ಸರಪಳಿ ಲೋಟವನ್ನೂ ಬಿಚ್ಚಿದ. ಇನ್ನು ಅವರವರ ಲೋಟ ಅವರವರಿಗೆ. ಬಾಗಿಲ ಬಳಿ ನೀರು ಸಾಬೂನು ಇಡಲು ಮಕ್ಕಳ ಎತ್ತರಕ್ಕೇ ಒಂದು ಸ್ಟ್ಯಾಂಡು ಮಾಡಿಕೊಟ್ಟ. ಮೈ ಬಿಸಿಯಿರುವ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಿ, ಹಾಜರಾತಿಗೆ ತೊಂದರೆಯಿಲ್ಲ ಎಂದು ಟೀಚರಮ್ಮ ಮನೆಮನೆಗೂ ಹೇಳಿ ಕಳಿಸಿದರು.

ಮನೆಯಲ್ಲಿ ಗಿಣಿಯದೇ ಆಡಳಿತ. ನರ್ಸಮ್ಮ ಅವಳಿಗೆ ಮೊಣಕೈ ಮಡಚಿ ಅದರೊಳಗೆ ಕೆಮ್ಮುವುದನ್ನು ಕಲಿಸಿದ್ದರು. ತಾತ ಅಂಗೈಗೆ ಸೀನಿ ಬಾಗಿಲ ಚಿಲಕ ಹಿಡಿದದ್ದೇ ತಡ, "ತಾತಾ! ಮೊಣಕೈ! ಈಗ ಚಿಲಕಕ್ಕೂ ನೆಗಡಿ! ಕೈ ತೊಳಿ, ಬೆರಳಿನ ಸಂದಿ ತೊಳಿ!" ಎಂದು ಹಾಸಿಗೆಯಿಂದಲೇ ಅರಚುತ್ತಿದ್ದಳು.

"ವಾಸಿಯಾದ ಗುರುತು," ಎಂದು ಅಜ್ಜಿ ನಕ್ಕಳು.

ಶಾಲೆಯಲ್ಲಿ ಕೆಮ್ಮು ಪೂರ್ತಿ ಮಾಯವಾಯಿತೆಂದರೆ ಸುಳ್ಳಾದೀತು. ಆಗೊಂದು ಈಗೊಂದು ಮಗು ಮಲಗುತ್ತಿತ್ತು. ಆದರೆ ಬೆಂಚಿಗೆ ಬೆಂಚೇ ಖಾಲಿಯಾಗುವುದು ನಿಂತಿತು. ಗಿಣಿ ಶಾಲೆಗೆ ಹೋದಳು, ಬಂದಳು, ಮತ್ತೆ ಹೋದಳು. ಮೂಗು ಒಣಗಿಯೇ ಇತ್ತು. ಒಂದು ದಿನ ಡಾಕ್ಟರು ಸರಿ ಎಂದರು. ಮಧ್ಯಾಹ್ನ ಮಗ, ಸೊಸೆ, ಕೂಸು ಮನೆಗೆ ಬಂದರು.

ತಾತ ಬೆಳಿಗ್ಗೆಯೇ ಗಡ್ಡ ಕೆರೆದು, ಒಗೆದ ಅಂಗಿ ತೊಟ್ಟು ಸಿದ್ಧನಾಗಿದ್ದ. ಗಾಡಿಯ ಸದ್ದು ಕೇಳಿ ಬಾಗಿಲಿಗೆ ಬಂದ. ಹೊಸ್ತಿಲಲ್ಲಿ ಒಂದು ಸೀನು ಬಂತು. ಮೊಣಕೈಯಲ್ಲಿ ಮುಚ್ಚಿಕೊಂಡ. ಇನ್ನೊಂದು ಬಂತು. ನಿನ್ನೆ ಸಂಜೆಯಿಂದ ಗಂಟಲು ಕೆರೆಯುತ್ತಿದ್ದುದು ನೆನಪಾಯಿತು.

"ಬನ್ನಿ ಮಾವ, ಎತ್ಕೊಳ್ಳಿ," ಸೊಸೆ ಕೂಸನ್ನು ಮುಂದೆ ನೀಡಿದಳು.

ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ತಾತ ಅವನ್ನು ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡಮ್ಮ. ಒಳಗೆ ಕರ್ಕೊಂಡು ಹೋಗಿ ತೊಟ್ಟಿಲಲ್ಲಿ ಮಲಗಿಸು. ನಾನು ಕೊಟ್ಟಿಗೇಲಿ ಮಲಗ್ತೀನಿ, ವಾಸಿಯಾಗೋವರೆಗೆ."

ಯಾರೂ ಹೇಳಿರಲಿಲ್ಲ. ಗಿಣಿ ಕೂಡ ಬಾಯಿ ತೆರೆದಿರಲಿಲ್ಲ.

ತಾತ ಮನೆಯನ್ನು ಸುತ್ತು ಹಾಕಿ ಅಂಗಳದ ಕಿಟಕಿಯ ಹತ್ತಿರ ಬಂದ. ಅದು ತೆರೆದಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂರದಲ್ಲೇ ನಿಂತು ನೋಡಿದ. ತನ್ನ ಕೈಯಲ್ಲಿ ನುಣುಪಾದ ತೊಟ್ಟಿಲಲ್ಲಿ ಮೊಮ್ಮಗ ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿದ್ದ. ಉಸಿರಿಗೆ ಹೊಟ್ಟೆ ಸಲೀಸಾಗಿ ಏರುತ್ತಿತ್ತು, ಇಳಿಯುತ್ತಿತ್ತು.

"ಮೂಗು ನನ್ನದೇ," ಎಂದ ತಾತ.

"ಸದ್ಯಕ್ಕೆ ಸುರೀತಿಲ್ಲ," ಎಂದಳು ಅಜ್ಜಿ ಒಳಗಿನಿಂದ.

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಳೆ ಮಗುವನ್ನು ಬಿಡಲು ಶಾಲೆಗೆ ಹೋದಾಗ ಒಮ್ಮೆ ಕಿಟಕಿಗಳ ಕಡೆ ನೋಡಿ. ಮುಚ್ಚಿದ್ದರೆ ತೆರೆಯಲು ಹೇಳಿ. ತುಕ್ಕು ಹಿಡಿದಿದ್ದರೆ ನಾಲ್ಕು ಜನ ಸೇರಿ ಸರಿಮಾಡಿಕೊಡಿ. ಮಗುವಿಗೆ ಬೆಚ್ಚನೆ ಬಟ್ಟೆ ಹಾಕಿ, ಕೋಣೆಗೆ ಗಾಳಿ ಬಿಡಿ. ಜ್ವರವಿದ್ದರೆ ಅದು ಬಿಟ್ಟು ಮಗು ಗೆಲುವಾಗುವವರೆಗೆ ಮನೆಯಲ್ಲಿರಲಿ. ಸಾಬೂನಿನಲ್ಲಿ ಕೈ ತೊಳೆಯುವುದು, ಮೊಣಕೈಯಲ್ಲಿ ಕೆಮ್ಮುವುದು ದೊಡ್ಡವರಿಂದಲೇ ಶುರುವಾಗಲಿ. ಆಯಾ ವಯಸ್ಸಿನ ಲಸಿಕೆ ತಪ್ಪಿಸಬೇಡಿ. ಕೂಸು ಹಾಲು ಕುಡಿಯುವುದು ಬಿಟ್ಟರೆ, ಉಸಿರು ಬಿರುಸಾದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ ಮನೆಮದ್ದೆಂದು ಕೂರದೆ ಆಸ್ಪತ್ರೆಗೆ ಓಡಿ.

ನಿಮ್ಮ ಮನೆಯಲ್ಲೂ ಒಂದು ತೊಟ್ಟಿಲು ಇದ್ದೀತು. ಅದರ ಕಾವಲು ಶಾಲೆಯ ಕಿಟಕಿಯಿಂದಲೇ ಶುರುವಾಗಲಿ.